ಸೆಂಟ್ರಲ್ ಯೂನಿವರ್ಸಿಟಿ ಪಿಜಿ ಸೀಟು: ಅಡ್ಮಿಷನ್ ದಿನಕ್ಕೆ ಮುಂಚೆ ನಾನು ಏನೇನು ರೆಡಿ ಮಾಡ್ಕೊಂಡೆ (ನನ್ನ ಅನುಭವ)

ನಮ್ಮ ಕಡೆ ಡಿಗ್ರಿ ಮುಗಿಸಿ, ಸೆಂಟ್ರಲ್ ಯೂನಿವರ್ಸಿಟಿ ಪಿಜಿಗೆ ಇರೋ ಪ್ರವೇಶ ಪರೀಕ್ಷೆ ಸಿಯುಇಟಿ ಪಿಜಿ ಬರೆಯೋ ಹುಡುಗ್ರು ಹುಡ್ಗೀರು ವರ್ಷ ವರ್ಷ ಕಾಣಿಸ್ತಿದಾರೆ, ನನಗಂತೂ ತುಂಬಾ ಖುಷಿ. ಆದ್ರೆ ಎಲ್ರೂ ಪರೀಕ್ಷೆ ಬಗ್ಗೆನೇ ಕೇಳ್ತಾರೆ, ಯಾವ ಪುಸ್ತಕ ಓದ್ಬೇಕು ಅಂತ. ಸೀಟು ಬಂದ್ಮೇಲೆ ಯೂನಿವರ್ಸಿಟಿ ಗೇಟು ದಾಟೋವರೆಗೂ ಇರೋ ಕೆಲಸದ ಬಗ್ಗೆ ಕೇಳೋರು ಕಮ್ಮಿ, ಸೀಟು ಕೈತಪ್ಪೋದು ಮಾತ್ರ ಅಲ್ಲೇ. ನಾನು 2024ರಲ್ಲಿ ಹೈದ್ರಾಬಾದ್ ಸೆಂಟ್ರಲ್ ಯೂನಿವರ್ಸಿಟಿಗೆ, ಅದೇ ಗಚ್ಚಿಬೌಲಿಲಿರೋ ಎಚ್‌ಸಿಯುಗೆ, ಎಂಎಗೆ ಸೇರ್ದೆ. ನಮ್ಮೂರು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿ, ಅಪ್ಪ ಅಮ್ಮ ಇಬ್ರೂ ಹೊಲ ಮಾಡ್ತಾರೆ, ಮನೇಲಿ ಯೂನಿವರ್ಸಿಟಿ ಮೆಟ್ಲು ಹತ್ತಿದವರು ಯಾರೂ ಇರ್ಲಿಲ್ಲ. ನಾನು ಮಾಡಿದ್ದನ್ನ ಮಾಡಿದ ಹಾಗೇ ಬರೀತಿದೀನಿ.

ಮೊದಲು ಒಂದು ವಿಷ್ಯ. ಪಿಜಿಗೆ ನಮ್ಮಲ್ಲಿ ಸಿಇಟಿ ನಡೆಸೋ ಕೆಇಎ ಥರ ಎಲ್ಲಾ ಯೂನಿವರ್ಸಿಟಿಗೂ ಸೇರಿ ಒಂದೇ ಕೌನ್ಸೆಲಿಂಗ್ ಅಂತ ಇಲ್ಲ. ಪರೀಕ್ಷೆ ನಡೆಸೋ ಎನ್‌ಟಿಎ ಸ್ಕೋರ್ ಕಾರ್ಡ್ ಕೊಟ್ಟು ಸುಮ್ನಾಗುತ್ತೆ, ಆಮೇಲೆ ನೀವೇ ಒಂದೊಂದು ಯೂನಿವರ್ಸಿಟಿ ಪೋರ್ಟಲ್‌ನಲ್ಲೂ ಬೇರೆ ಬೇರೆ ರಿಜಿಸ್ಟರ್ ಆಗ್ಬೇಕು, ಅವರವರ ಮೆರಿಟ್ ಲಿಸ್ಟು, ಅವರವರ ಕಟಾಫು, ಅವರವರ ಕೊನೇ ದಿನಾಂಕ. ಒಳ್ಳೇ ಸ್ಕೋರ್ ಬಂದಿದೆ, ಅವ್ರೇ ಕರೀತಾರೆ ಬಿಡು ಅಂತ ಮನೇಲಿ ಕೂತವರನ್ನ ನಾನೇ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ನಾನು ಮಾಡಿದ ಒಂದು ಕೆಲಸ ಅಂದ್ರೆ, ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಬಂದ ತಕ್ಷಣ ಒಂದು ಹಾಳೆ ತಗೊಂಡು, ಬೇಕಾಗೋ ಕಾಗದಗಳನ್ನ ಎರಡು ಭಾಗ ಮಾಡ್ಕೊಂಡೆ. ನಾನೊಬ್ಳೇ ಕೂತು ಮುಗಿಸಬಹುದಾದ್ದು ಒಂದು ಕಡೆ, ಬೇರೆಯವರು ಸಹಿ ಹಾಕ್ಬೇಕಾದ್ದು ಇನ್ನೊಂದು ಕಡೆ. ಎರಡನೇದನ್ನ ಸೀಟು ಬರೋಕೆ ಮುಂಚೆನೇ ಶುರು ಮಾಡ್ದೆ. ಸೀಟು ಅಲಾಟ್ ಆದ್ಮೇಲೆ ಫೀಸ್ ಕಟ್ಟೋಕೆ ಸಿಗೋದು ಕೆಲವೇ ದಿನ, ಅಷ್ಟರಲ್ಲಿ ತಾಲೂಕು ಆಫೀಸಿಂದ ಒಂದು ಕಾಗದ ಬರುತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ.

ಅದ್ರಲ್ಲಿ ಅತೀ ಮುಖ್ಯವಾದ್ದು ಒಬಿಸಿ ಸರ್ಟಿಫಿಕೇಟು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕರ್ನಾಟಕದವರು ಎಡವೋದೇ ಇಲ್ಲಿ. ನಮ್ದು 2ಎ, ಆರ್‌ಡಿ ನಂಬರ್ ಇರೋ ಜಾತಿ ಆದಾಯ ಸರ್ಟಿಫಿಕೇಟು ಪಿಯುಸಿಯಿಂದ್ಲೂ ಇತ್ತು, ಸ್ಕಾಲರ್‌ಶಿಪ್ಪು ಹಾಸ್ಟೆಲ್ಲು ಎಲ್ಲದಕ್ಕೂ ಅದೇ ನಡೀತಿತ್ತು. ಆದ್ರೆ 2ಎ, 2ಬಿ, 3ಎ, 3ಬಿ ಅನ್ನೋದೆಲ್ಲಾ ರಾಜ್ಯದ ಲೆಕ್ಕ, ಸೆಂಟ್ರಲ್ ಯೂನಿವರ್ಸಿಟಿಗೆ ಅದು ಗೊತ್ತೇ ಇಲ್ಲ. ಅಲ್ಲಿರೋದು ಎಸ್‌ಸಿ ಶೇಕಡಾ 15, ಎಸ್‌ಟಿ ಶೇಕಡಾ 7.5, ಒಬಿಸಿ ಎನ್‌ಸಿಎಲ್ (ಕೆನೆಪದರಕ್ಕೆ, ಅಂದ್ರೆ ಹಿಂದುಳಿದವರಲ್ಲೇ ಅನುಕೂಲಸ್ಥರ ಗುಂಪಿಗೆ, ಸೇರದೋರು) ಶೇಕಡಾ 27, ಇಡಬ್ಲ್ಯುಎಸ್ (ಬೇರೆ ಮೀಸಲಾತಿ ಇಲ್ಲದ ಬಡ ಕುಟುಂಬದೋರು) ಶೇಕಡಾ 10, ಅಷ್ಟೇ. ನಿಮ್ಮ ಜಾತಿ ರಾಜ್ಯದ ಪಟ್ಟಿಲಿದ್ರೆ ಸಾಲ್ದು, ಕೇಂದ್ರದ ಒಬಿಸಿ ಪಟ್ಟಿಲೂ ಇರ್ಬೇಕು, ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ವೆಬ್‌ಸೈಟಲ್ಲಿ ಕರ್ನಾಟಕ ಅಂತ ಹಾಕಿದ್ರೆ ಪಟ್ಟಿ ಬರುತ್ತೆ, ಉಪಜಾತಿ ಹೆಸರಿನ ಸ್ಪೆಲಿಂಗ್ ಸಮೇತ ನೋಡ್ಕೊಳ್ಳಿ. ಸಿಯುಇಟಿ ಫಾರ್ಮ್ ತುಂಬೋ ಮುಂಚೆನೇ ನೋಡ್ಕೊಂಡ್ರೆ ಇನ್ನೂ ಒಳ್ಳೇದು.

ನಾಡಕಚೇರಿಲಿ ಕೇಂದ್ರದ ಒಬಿಸಿ ಸರ್ಟಿಫಿಕೇಟಿಗೆ ಬೇರೆನೇ ಅರ್ಜಿ ಇದೆ. ಕೌಂಟರಲ್ಲಿ ಬರೀ ಜಾತಿ ಸರ್ಟಿಫಿಕೇಟು ಬೇಕು ಅಂದ್ರೆ ರಾಜ್ಯದ್ದೇ ಹಾಕಿಬಿಡ್ತಾರೆ, ಅವರ ತಪ್ಪಲ್ಲ, ದಿನಾ ಬರೋರೆಲ್ಲಾ ಅದನ್ನೇ ಕೇಳೋದು. ಅದಕ್ಕೆ ನಾನು ಯೂನಿವರ್ಸಿಟಿ ವೆಬ್‌ಸೈಟಲ್ಲಿದ್ದ ಫಾರ್ಮ್ಯಾಟನ್ನ ಪ್ರಿಂಟ್ ತಗೊಂಡು ಹೋಗಿದ್ದೆ. ಕೇಸ್ ವರ್ಕರ್ ನೋಡಿ, ‘ಇದ್ಯಾಕಮ್ಮಾ, ನಿಂದು ಆಗ್ಲೇ ಐತಲ್ಲ’ ಅಂದ್ರು. ‘ಸರ್, ಅದು ರಾಜ್ಯದ್ದು, ಇದು ಸೆಂಟ್ರಲ್ ಗವರ್ನಮೆಂಟಿಗೆ, ಇಂಗ್ಲಿಷಲ್ಲಿ ಬೇಕು, ಕೆನೆಪದರಕ್ಕೆ ಸೇರಿಲ್ಲ ಅಂತ ಇರ್ಬೇಕು’ ಅಂತ ಪ್ರಿಂಟ್ ಮುಂದಿಟ್ಟೆ. ಆ ಫಾರ್ಮ್ಯಾಟಲ್ಲಿ ಒಂದು ಸಾಲಿದೆ, 8-9-1993ರ ಕೇಂದ್ರ ಸಿಬ್ಬಂದಿ ಇಲಾಖೆಯ ಆದೇಶದ ನಂಬರ್ ಹಾಕಿ, ಅದರ ಅನುಬಂಧದ 3ನೇ ಕಾಲಂನಲ್ಲಿ ಹೇಳಿರೋ ಕೆನೆಪದರಕ್ಕೆ ಈ ಅಭ್ಯರ್ಥಿ ಸೇರಿಲ್ಲ ಅಂತ. ವೆರಿಫಿಕೇಶನ್ ಟೇಬಲ್ಲಲ್ಲಿ ಕೂತೋರು ಮೊದ್ಲು ಹುಡುಕೋದೇ ಆ ಸಾಲು. ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ, ಆ ಸಾಲು ಇದ್ಯಾ, ತಹಶೀಲ್ದಾರ್ ಸಹಿ ಇದ್ಯಾ, ದಿನಾಂಕ ಏಪ್ರಿಲ್ 1ರ ನಂತರದ್ದಾ ಅಂತ. ಈ ವರ್ಷದ್ದೇ ಬೇಕು ಅಂತ ಕೇಳ್ತಾರೆ, ಅದಕ್ಕೇ ನಾನು ಏಪ್ರಿಲ್ ಹುಟ್ಟೋವರೆಗೂ ಕಾದು ಅರ್ಜಿ ಹಾಕಿದ್ದು.

ಆದಾಯದ ವಿಚಾರ ಬಂದಾಗ ಊರಲ್ಲಿ ತುಂಬಾ ಗೊಂದಲ ಇದೆ. ಕೆನೆಪದರದ ಮಿತಿ 2017ರಿಂದ ವರ್ಷಕ್ಕೆ 8 ಲಕ್ಷ. ಆ ಲೆಕ್ಕದಲ್ಲಿ ಅಪ್ಪ ಅಮ್ಮನ ಸಂಬಳ, ಬೇಸಾಯದ ಆದಾಯ ಎರಡೂ ಸೇರಲ್ಲ, ಬೇರೆ ಮೂಲದ ಆದಾಯ ಮಾತ್ರ ನೋಡೋದು. ಸಂಬಳದ ಬದಲು ಅಪ್ಪ ಅಮ್ಮ ಯಾವ ದರ್ಜೆ ಹುದ್ದೆಲಿದಾರೆ ಅಂತ ನೋಡ್ತಾರೆ, ಜಮೀನು ತುಂಬಾ ಇದ್ರೆ ಅದಕ್ಕೂ ಬೇರೆ ನಿಯಮ ಇದೆ. ಇಡಬ್ಲ್ಯುಎಸ್‌ಗೆ ಮಾತ್ರ ಉಲ್ಟಾ, ಮಿತಿ ಅದೇ 8 ಲಕ್ಷ ಆದ್ರೂ ಬೇಸಾಯ ಸಂಬಳ ಎಲ್ಲಾ ಸೇರಿಸ್ತಾರೆ, 5 ಎಕರೆ ಜಮೀನಿದ್ರೆ ಅಲ್ಲಿಗೇ ಕೊನೆ. ಇವೆರಡನ್ನ ಒಂದೇ ಅಂದ್ಕೊಂಡು, ನಮಗೆ ಸಿಗಲ್ಲ ಬಿಡಪ್ಪ ಅಂತ ಅರ್ಜಿನೇ ಹಾಕದ ರೈತರ ಮಕ್ಕಳು ನಮ್ಮೂರಲ್ಲೇ ಇದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಗ್ರಾಮ ಲೆಕ್ಕಿಗರು, ಈಗ ಗ್ರಾಮ ಆಡಳಿತಾಧಿಕಾರಿ ಅಂತಾರೆ, ಅವರ ವರದಿ ಆಗಿ, ಆರ್‌ಐ (ಕಂದಾಯ ನಿರೀಕ್ಷಕರು) ಹತ್ರ ಹೋಗಿ, ಆಮೇಲೆ ತಹಶೀಲ್ದಾರ್ ಲಾಗಿನ್‌ಗೆ ಹೋಗುತ್ತೆ. ಅರ್ಜಿ ನಂಬರ್ ಇಟ್ಕೊಂಡು ಸ್ಟೇಟಸ್ ನೋಡ್ತಾ ಇರಿ, ಯಾರ ಹತ್ರ ನಿಂತಿದೆ ಅಂತ ಗೊತ್ತಾದ್ರೆ ಅವ್ರನ್ನೇ ಹೋಗಿ ಕೇಳಬಹುದು.

ಎರಡನೇ ತಲೆನೋವು ಹೆಸರು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತೆ, ಆಧಾರಲ್ಲಿ ಬರೀ ಹೆಸರು, ಇಲ್ಲಾ ಅಪ್ಪನ ಹೆಸರು ಪೂರ್ತಿ. ಊರಲ್ಲಿ ಯಾರಿಗೂ ಇದು ದೊಡ್ಡ ವಿಷ್ಯ ಅಲ್ಲ, ಹೊರಗಡೆ ಹೋದ್ರೆ ಎರಡು ಬೇರೆ ಮನುಷ್ಯರು ಅಂತ ಕಾಣುತ್ತೆ. ವಿದ್ಯಾರ್ಥಿಯ ಕ್ರೆಡಿಟ್ ಲೆಕ್ಕ ಇಡೋ ಎಬಿಸಿ ಐಡಿ, ಈಗ ಅಪಾರ್ ಅಂತಾರಲ್ಲ, ಆ 12 ಅಂಕಿ ನಂಬರ್ರು ಡಿಜಿಲಾಕರ್ ಮೂಲಕ ಆಧಾರ್ ಹೆಸರಲ್ಲೇ ಹುಟ್ಟೋದು. ನಾನು ಎಸ್‌ಎಸ್‌ಎಲ್‌ಸಿ ಕಾರ್ಡನ್ನೇ ದಾಖಲೆಯಾಗಿ ಕೊಟ್ಟು ಆಧಾರ್ ಹೆಸರನ್ನ ಅದೇ ಥರ ಮಾಡಿಸ್ಕೊಂಡೆ, ಚುಕ್ಕಿ, ಸ್ಪೇಸ್ ಕೂಡ ನೋಡಿ. ಆಧಾರಲ್ಲಿ ಹೆಸರು ಬದಲಾಯಿಸೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹಾಗಾಗಿ ಸೆಂಟರಲ್ಲಿ ಸ್ಕ್ರೀನ್ ಮೇಲೆ ಟೈಪ್ ಮಾಡಿದ್ದನ್ನ ಓದಿನೇ ಓಕೆ ಅನ್ನಿ. ಟೈಮ್ ಇಲ್ಲ ಅಂದ್ರೆ ಛಾಪಾ ಕಾಗದದ ಮೇಲೆ ಎರಡೂ ಹೆಸರು ಒಬ್ಬರದ್ದೇ ಅಂತ ನೋಟರಿ ಅಫಿಡವಿಟ್ ಮಾಡಿಸಿ ಇಟ್ಕೊಂಡಿರಿ.

ಆಮೇಲೆ ಟಿಸಿ, ಮೈಗ್ರೇಶನ್, ಪ್ರಾವಿಷನಲ್ ಡಿಗ್ರಿ ಸರ್ಟಿಫಿಕೇಟು. ಇವು ಒಂದ್ರ ಹಿಂದೆ ಒಂದು, ಸಾಲಾಗೇ ಬರ್ಬೇಕು. ಲೈಬ್ರರಿ, ಲ್ಯಾಬು, ಹಾಸ್ಟೆಲ್ಲಿನ ನೋ ಡ್ಯೂಸ್ ಆಗದೆ ಕಾಲೇಜಲ್ಲಿ ಟಿಸಿ ಕೊಡಲ್ಲ. ಯೂನಿವರ್ಸಿಟಿ ಬಿಟ್ಟು ಯೂನಿವರ್ಸಿಟಿಗೆ ಹೋಗೋರಿಗೆ ಮೈಗ್ರೇಶನ್ ಬೇಕೇ ಬೇಕು, ಅದನ್ನ ಕೊಡೋದು ಕಾಲೇಜಲ್ಲ, ಯೂನಿವರ್ಸಿಟಿ. ನಾನು ಕೊನೇ ಸೆಮ್ ಪರೀಕ್ಷೆ ಮುಗಿದ ವಾರವೇ ಲೈಬ್ರರಿ ಪುಸ್ತಕ ಎಲ್ಲಾ ವಾಪಸ್ ಕೊಟ್ಟು ನೋ ಡ್ಯೂಸ್ ಸಹಿ ಹಾಕಿಸ್ಕೊಂಡು ಬಂದೆ, ರಜೆ ಶುರುವಾದ್ರೆ ಸಹಿ ಹಾಕೋರು ಊರಿಗೆ ಹೋಗಿರ್ತಾರೆ. ಟಿಸಿ ಒರಿಜಿನಲ್ ಹೊಸ ಯೂನಿವರ್ಸಿಟಿಯವರೇ ಇಟ್ಕೊಳ್ತಾರೆ, ಕೊಡೋ ಮುಂಚೆ ಸ್ಕ್ಯಾನ್ ಮಾಡಿಟ್ಕೊಳ್ಳಿ.

ಕೊನೇ ಸೆಮ್ ರಿಸಲ್ಟ್ ಬರೋ ಮುಂಚೆನೇ ಅಡ್ಮಿಷನ್ ದಿನ ಬಂದುಬಿಡುತ್ತಲ್ಲ ಅನ್ನೋ ಭಯ ನನಗೂ ಇತ್ತು. ಅಂಥೋರಿಗೆ ಪ್ರಾವಿಷನಲ್ ಅಡ್ಮಿಷನ್ ಕೊಡ್ತಾರೆ, ಇಂಥ ದಿನಾಂಕದೊಳಗೆ ಮಾರ್ಕ್ಸ್ ಕಾರ್ಡ್ ತಂದುಕೊಡ್ತೀನಿ ಅಂತ ಮುಚ್ಚಳಿಕೆ ಬರ್ಕೊಡ್ಬೇಕು. ಆದ್ರೆ ಅಲ್ಲಿವರೆಗಿನ ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಕೈಲಿರ್ಬೇಕು, ಬ್ಯಾಕ್ ಇರಬಾರ್ದು. ಯುಯುಸಿಎಂಎಸ್‌ನಲ್ಲಿ, ಅಂದ್ರೆ ನಮ್ಮ ರಾಜ್ಯದ ಯೂನಿವರ್ಸಿಟಿ ಕಾಲೇಜುಗಳ ಪೋರ್ಟಲಲ್ಲಿ, ಲಾಗಿನ್ ಆಗಿ ಎಲ್ಲಾ ಸೆಮ್‌ದೂ ಡೌನ್‌ಲೋಡ್ ಮಾಡಿ ಪ್ರಿನ್ಸಿಪಾಲ್ ಸಹಿ ಮೊಹರು ಹಾಕಿಸಿಟ್ಕೊಂಡಿದ್ದೆ. ಪಾಸ್‌ವರ್ಡ್ ಕಾಲೇಜಲ್ಲಿ ನೀವು ಕೊಟ್ಟಿದ್ದ ಹಳೇ ಫೋನ್ ನಂಬರಿಗೆ ಲಿಂಕ್ ಆಗಿರುತ್ತೆ, ಸಿಮ್ ಬದಲಾಯಿಸ್ಬೇಡಿ.

ಮನೇಲೇ ಕೂತು ಮುಗಿಸೋ ಕೆಲಸದಲ್ಲಿ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಒಂದು. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ 2009ರ ನಿಯಮದ ಪ್ರಕಾರ ವಿದ್ಯಾರ್ಥಿನೂ ಕೊಡ್ಬೇಕು, ಅಪ್ಪ ಅಮ್ಮನೂ ಕೊಡ್ಬೇಕು, ಆನ್‌ಲೈನ್‌ನಲ್ಲಿ ತುಂಬಿದ್ರೆ ಇಮೇಲಿಗೆ ಒಂದು ರೆಫರೆನ್ಸ್ ನಂಬರ್ ಬರುತ್ತೆ, ಅದರ ಪ್ರಿಂಟ್ ಸಾಕು. ನಾನು ಅದನ್ನ ಅಪ್ಪಂಗೆ ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳ್ದೆ, ಸಹಾಯವಾಣಿ 1800-180-5522 ಅಂತ ಅಪ್ಪ ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಟ್ಟ, ಮಗಳನ್ನ ದೂರ ಕಳಿಸೋರಿಗೆ ಅದೊಂದು ಧೈರ್ಯ. ಮೆಡಿಕಲ್ ಫಿಟ್ನೆಸ್ ತಾಲೂಕು ಸರ್ಕಾರಿ ಆಸ್ಪತ್ರೇಲಿ ಮಾಡಿಸ್ದೆ, ಫೋಟೋ ಜಾಸ್ತಿನೇ ತೆಗೆಸ್ದೆ. ಇದ್ರಲ್ಲೇನೂ ಕಷ್ಟ ಇಲ್ಲ.

ಫೀಸ್ ಕಟ್ಟೋವಾಗ ಕೊನೇ ದಿನದ ರಾತ್ರಿವರೆಗೂ ಕಾಯಬೇಡಿ. ನಂದು ಅಕೌಂಟಿಂದ ದುಡ್ಡು ಕಟ್ ಆಗಿ ಪೋರ್ಟಲಲ್ಲಿ ಪೆಂಡಿಂಗ್ ಅಂತಾನೇ ತೋರಿಸ್ತಿತ್ತು, ಅಮ್ಮ ಗಾಬರಿಯಾಗಿ ಇನ್ನೊಂದ್ಸಲ ಕಟ್ಟೇ ಬಿಡು ಅಂದ್ಳು. ನಾನು ಟ್ರಾನ್ಸಾಕ್ಷನ್ ಐಡಿ ಸ್ಕ್ರೀನ್‌ಶಾಟ್ ಹಾಕಿ ಅಡ್ಮಿಷನ್ ಇಮೇಲಿಗೆ ಬರೆದು ಕಾದೆ, ಮಾರನೇ ದಿನ ಸರಿ ಹೋಯ್ತು. ಒಂದು ದಿನ ಕೈಲಿದ್ದಿದ್ದಕ್ಕೆ ಅಷ್ಟು ನೆಮ್ಮದಿಯಾಗಿ ಕಾಯೋಕಾಯ್ತು. ಇನ್ನೊಂದು ಯೂನಿವರ್ಸಿಟಿಲಿ ಆಗ್ಲೇ ಫೀಸ್ ಕಟ್ಟಿದ್ದೀನಿ, ಈಗ ಇದು ಸಿಕ್ತು, ಆ ದುಡ್ಡು ಹೋಯ್ತಾ ಅಂತ ಕೇಳೋರು ತುಂಬಾ ಜನ. 2024-25ಕ್ಕೆ ಯುಜಿಸಿ ಹೇಳಿದ್ದು, ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ರೆ ಪೂರ್ತಿ ಫೀಸ್ ವಾಪಸ್ಸು, ಅಕ್ಟೋಬರ್ 31ರೊಳಗಾದ್ರೆ 1000 ರೂಪಾಯಿಗಿಂತ ಜಾಸ್ತಿ ಹಿಡಿಯೋ ಹಾಗಿಲ್ಲ. ನಿಮ್ಮ ವರ್ಷದ ಸುತ್ತೋಲೆ ನೋಡ್ಕೊಂಡು, ಸೀಟು ಬಿಡ್ತಿದೀನಿ ಅಂತ ಬರವಣಿಗೆಲೇ ಕೊಡಿ, ಫೋನಲ್ಲಿ ಹೇಳಿದ್ರೆ ಲೆಕ್ಕಕ್ಕಿಲ್ಲ. ಹಾಗೇ ಯುಜಿಸಿ 2018ರಲ್ಲೇ ಹೇಳಿದೆ, ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನ ನೋಡಿ ವಾಪಸ್ ಕೊಡ್ಬೇಕು, ಇಟ್ಕೊಳ್ಳೋ ಹಾಗಿಲ್ಲ ಅಂತ.

ಹೊರಡೋ ಹಿಂದಿನ ದಿನ ಫೈಲ್ ಜೋಡಿಸ್ದೆ. ಯೂನಿವರ್ಸಿಟಿ ಕೊಟ್ಟಿದ್ದ ಚೆಕ್‌ಲಿಸ್ಟ್ ಮೇಲಿಟ್ಟು ಅದೇ ಕ್ರಮದಲ್ಲಿ ಒರಿಜಿನಲ್ ಒಂದು ಫೈಲು, ಸಹಿ ಮಾಡಿದ ಜೆರಾಕ್ಸ್ ಎರಡು ಸೆಟ್ ಇನ್ನೊಂದು ಫೈಲು, ಸ್ಕ್ಯಾನ್ ಎಲ್ಲಾ ಫೋನಲ್ಲೂ ಇಮೇಲಲ್ಲೂ. ಹಾಸ್ಟೆಲ್ ಅರ್ಜಿ ಅಡ್ಮಿಷನ್‌ನಿಂದ ಬೇರೆ, ಅಡ್ಮಿಷನ್ ಆಯ್ತು ಅಂದ್ರೆ ರೂಮ್ ಸಿಕ್ತು ಅಂತಲ್ಲ, ಅದಕ್ಕೇ ಮೊದಲ ಕೆಲವು ದಿನಕ್ಕೆ ನಮ್ಮ ಕಡೆ ಸೀನಿಯರ್ ಅಕ್ಕ ಒಬ್ರ ಹತ್ರ ಮೊದ್ಲೇ ಮಾತಾಡಿಟ್ಕೊಂಡಿದ್ದೆ. ವೆರಿಫಿಕೇಶನ್ ಮುಗಿದು ಎನ್‌ರೋಲ್‌ಮೆಂಟ್ ನಂಬರ್ ಬಂದ ತಕ್ಷಣ ಫೀಸ್ ರಸೀದಿ, ಅಡ್ಮಿಷನ್ ಸ್ಲಿಪ್ಪಿನ ಜೆರಾಕ್ಸ್ ಇನ್ನೂ ನಾಲ್ಕೈದು ಮಾಡಿಸ್ಕೊಳ್ಳಿ, ಹಾಸ್ಟೆಲ್ಲು, ಲೈಬ್ರರಿ, ಐಡಿ ಕಾರ್ಡು, ಸ್ಕಾಲರ್‌ಶಿಪ್ಪು ಎಲ್ಲಾ ಕಡೆ ಅವೆರಡನ್ನೇ ಕೇಳ್ತಾರೆ.