ಬಿಸಾಡು ಅಂದ ಪಿಕಪ್ಪನ್ನೇ ಮತ್ತೆ ಸುತ್ತಿದೆ

ಈ ಸಲದ ನವರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವರು ಹತ್ತಿರ ಬಂದು, "ಬೇಸ್ ಗಿಟಾರ್‌ಗೆ ಯಾವ ಪಿಕಪ್ ಹಾಕಿಸಿದ್ರಿ? ಎಷ್ಟು ಕೊಟ್ರಿ?" ಅಂತ ಕೇಳಿದರು. ಹಳೆಯದೇ, ನಾನೇ ಸುತ್ತಿದ್ದು ಅಂದೆ. ಅವರು ನಂಬಲಿಲ್ಲ. ಒಂದೂವರೆ ವರ್ಷದ ಹಿಂದೆ "ಸುಮ್ನೆ ಹೊಸದು ಹಾಕಿಸಿಬಿಡಿ, ಇದು ಮನೇಲಿ ಆಗೋ ಕೆಲಸ ಅಲ್ಲ" ಅಂದವರೂ ಅವರೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಿಕಪ್ ಅಂದರೆ ತಂತಿಯ ಕಂಪನವನ್ನು ಕರೆಂಟಾಗಿಸುವ ಮ್ಯಾಗ್ನೆಟ್, ಅದರ ಸುತ್ತ ತಾಮ್ರದ ಕಾಯಿಲ್. ಅದಕ್ಕಿಂತ ಹೆಚ್ಚಿಗೆ, ಸೋಲ್ಡರ್ ಹೇಗೆ ಮಾಡಬೇಕು ಅಂತೆಲ್ಲ ಹೇಳಲು ಹೋಗುವುದಿಲ್ಲ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರಿಗಾಗಿ ಇದು.

ಬೇಸ್ 1970ರ ದಶಕದ ಜಪಾನಿ ಮಾಲು. ಫೆಂಡರ್ ಕಂಪನಿಯ ಜಾಝ್ ಬೇಸ್‌ನ ನಕಲು, ಎರಡು ಪಿಕಪ್: ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ) ಕಡೆ ಒಂದು, ಬ್ರಿಜ್ (ಬಾಡಿಯ ಮೇಲೆ ತಂತಿ ಕೂರುವ ಜಾಗ) ಕಡೆ ಒಂದು. ಹೆಡ್‌ಸ್ಟಾಕ್ (ಶ್ರುತಿ ಕೀಲಿಗಳಿರುವ ತುದಿ) ಮೇಲಿನ ಹೆಸರು ಉಜ್ಜಿ ಹೋಗಿದೆ. ನೆಕ್ ಹಿಂದಿನ ಪ್ಲೇಟಿನಲ್ಲಿ 'ಮೇಡ್ ಇನ್ ಜಪಾನ್' ಅಂತ ಮಾತ್ರ ಉಳಿದಿದೆ. ಬಾಂದ್ರಾದಲ್ಲಿರುವ ಗೋವಾ ಕಡೆಯ ಅಂಕಲ್ ಒಬ್ಬರಿಂದ 14 ಸಾವಿರಕ್ಕೆ ತಂದೆ. ಅವರ ಅಣ್ಣ ಹಡಗಿನ ಕೆಲಸದಲ್ಲಿದ್ದಾಗ ತಂದಿದ್ದಂತೆ. ಆಗೆಲ್ಲ ಒಳ್ಳೆಯ ವಿದೇಶಿ ವಾದ್ಯ ಜಾಸ್ತಿ ಹಡಗಿನವರ ಕೈಯಲ್ಲೇ ಬರುತ್ತಿತ್ತು ಅಲ್ವಾ. ಈಗ ಇಂಥ ಜಪಾನಿ ನಕಲುಗಳಿಗೆಲ್ಲ 'ಲಾಸೂಟ್' (ಕೋರ್ಟ್ ಕೇಸಾದ ಮಾಲು) ಅಂತ ಹೆಸರಿಟ್ಟು ಬಾಯಿಗೆ ಬಂದ ಬೆಲೆ ಹೇಳುತ್ತಾರೆ. 1977ರ ಆ ಕೇಸು ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್ ಕಡೆಯವರು ಜಪಾನಿನ ಐಬನೆಝ್‌ನ ಅಮೆರಿಕದ ವಿತರಕರ ಮೇಲೆ ಹಾಕಿದ್ದು, ಅದೂ ಹೆಡ್‌ಸ್ಟಾಕ್ ಆಕಾರಕ್ಕೆ. ಫೆಂಡರ್ ನಕಲಿಗೂ ಅದಕ್ಕೂ ಸಂಬಂಧ ಇಲ್ಲ. ಆ ಹೆಸರಿಗೆ ಒಂದು ರೂಪಾಯಿ ಕೂಡ ಜಾಸ್ತಿ ಕೊಡಬೇಡಿ. ನಾನು ಈ ಬೇಸ್ ತಂದಿದ್ದು ನೆಕ್ ನೋಡಿ. 50 ವರ್ಷ ಮುಂಬಯಿ ಮಳೆ ಕಂಡರೂ ಸ್ಕೇಲ್ ಇಟ್ಟ ಹಾಗೆ ನೇರವಾಗಿತ್ತು.

ಪಿಕಪ್ ಮಾತ್ರ ಹೋಗಿತ್ತು. ಬ್ರಿಜ್ ಪಿಕಪ್ ಪೂರ್ತಿ ಓಪನ್, ಅಂದರೆ ಒಳಗೆ ವೈರ್ ಕಡಿದಿದೆ, ಮೀಟರ್ ಅಲುಗಲೂ ಇಲ್ಲ. ನೆಕ್‌ನದು ಐದೂವರೆ ಕೆ (ಕಿಲೋ ಓಮ್) ತೋರಿಸುತ್ತಿತ್ತು, ದನಿ ಪಕ್ಕದ ಮನೆಯಿಂದ ಬಂದ ಹಾಗೆ. ಕವರ್ ತೆಗೆದರೆ ಕಾಯಿಲ್ ತುಂಬ ಹಸಿರು ಕಿಲುಬು. ಸಮುದ್ರದ ಗಾಳಿ ತಾಮ್ರವನ್ನು ಬಿಡುತ್ತದೆಯೇ?

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 900 ರೂಪಾಯಿಗೆ ಒಂದು ಚೀನಾ ಸೆಟ್ ತರಿಸಿದೆ. ಅದು ಕೂರಲೇ ಇಲ್ಲ. ಫೆಂಡರ್ ಜಾಝ್ ಬೇಸ್‌ನಲ್ಲಿ ನೆಕ್ ಪಿಕಪ್ ಬ್ರಿಜ್‌ನದಕ್ಕಿಂತ ಚೂರು ಗಿಡ್ಡ ಇರುತ್ತದೆ. ನನ್ನ ಜಪಾನಿಯಲ್ಲಿ ಎರಡೂ ಒಂದೇ ಉದ್ದ, ಆ ಉದ್ದ ಫೆಂಡರ್‌ನ ಎರಡು ಅಳತೆಗೂ ಹೊಂದುವುದಿಲ್ಲ. ಟೇಪ್ ಹಾಕಿ ಹೇಗೋ ಕೂರಿಸಿದರೆ ಜಿ ತಂತಿ ಮ್ಯಾಗ್ನೆಟ್‌ನ ಹೊರಗೆ ಹೋಗಿ ದನಿ ಸತ್ತಿತು. ಬಾಂದ್ರಾದಲ್ಲಿ ರಿಪೇರಿ ಮಾಡುವ ಒಬ್ಬರು, ಒಳ್ಳೆಯ ಕೈಯೇ, ನೋಡಿ ಹೇಳಿದರು: ಹಳೆಯದನ್ನು ಬಿಸಾಡಿ, ಅಮೆರಿಕದ ಸೆಟ್ ತರಿಸಿ, ಬಾಡಿ ಕೊರೆದು ಕೂರಿಸೋಣ. ಸೆಟ್, ಕಸ್ಟಮ್ಸ್, ಮಜೂರಿ ಎಲ್ಲ ಸೇರಿ ಹೆಚ್ಚುಕಡಿಮೆ 22 ಸಾವಿರ. 14 ಸಾವಿರದ ಬೇಸ್‌ಗೆ 22 ಸಾವಿರದ ಪಿಕಪ್! ದುಡ್ಡಿಗಿಂತ ನನಗೆ ಆ ಮರ ಕೊರೆಯಲು ಮನಸ್ಸು ಬರಲಿಲ್ಲ. ಒಮ್ಮೆ ಕೊರೆದರೆ ಮುಗಿಯಿತು.

ಸುತ್ತೋಣ ಅಂತ ತಲೆಗೆ ಬಂದಿದ್ದು ನಮ್ಮ ಡೊಂಬಿವಲಿಯ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. ಅಂಗಡಿ ಇಟ್ಟ ಅಣ್ಣ ಕುಂದಾಪುರ ಕಡೆಯವರು. ಫ್ಯಾನ್, ಪಂಪು ಸುತ್ತಿ ಸುತ್ತಿ ಮೂವತ್ತು ವರ್ಷ ಆಗಿದೆ. ಕಾಯಿಲ್ ತೋರಿಸಿದೆ. ಕನ್ನಡಕ ಮೇಲೆ ಮಾಡಿ ನೋಡಿ, "ಎಂತ ಮಾರಾಯ, ಇದು ಕೂದಲಿಗಿಂತ ಸಪೂರ ಉಂಟು. ನಮ್ಮ ಮಷೀನಿಗೆ ಹಾಕಿದ್ರೆ ಒಂದು ಸುತ್ತಿಗೇ ಕಡೀತದೆ" ಅಂದರು. ಆದರೆ ಲೆದರಾಯ್ಡ್ ಪೇಪರ್ (ಮೋಟಾರಿನೊಳಗೆ ಹಾಕುವ ಗಟ್ಟಿ ಇನ್ಸುಲೇಷನ್ ಕಾಗದ) ಕೈಗಿಟ್ಟು ಕಳಿಸಿದರು. ಅದು ಆಮೇಲೆ ಕೆಲಸಕ್ಕೆ ಬಂತು.

ಈಗ ಮೊದಲ ದೊಡ್ಡ ತಪ್ಪು. ಇದೊಂದನ್ನು ಓದಿದರೂ ನಿಮ್ಮ ಸಾವಿರ ರೂಪಾಯಿ ಉಳಿಯುತ್ತದೆ. ಪಿಕಪ್ ವೈರ್ 42 ನಂಬರ್ ಅಂತ ಎಲ್ಲ ಕಡೆ ಬರೆದಿರುತ್ತದೆ, ಸರಿ. ಮುಂಬಯಿಯ ಎಲೆಕ್ಟ್ರಿಕ್ ಮಾರ್ಕೆಟ್ ಲೋಹಾರ್ ಚಾಳ್‌ಗೆ ಹೋಗಿ 42 ನಂಬರ್ ಸೂಪರ್ ಎನಾಮೆಲ್ ವೈರ್ ಕೊಡಿ ಅಂದೆ, ಕೊಟ್ಟರು. ಸುತ್ತಿದೆ. ಸುಮಾರು 3,200 ಸುತ್ತಿಗೇ ಬಾಬಿನ್ ತುಂಬಿಹೋಯಿತು. ಮೀಟರ್ ಇಟ್ಟರೆ ಒಂದೂಕಾಲು ಕೆ. ದನಿ ತೆಳ್ಳಗೆ, ಬೇಸ್ ಅಲ್ಲ, ತಗಡು. ಎರಡು ವಾರ ಮ್ಯಾಗ್ನೆಟ್ ಸರಿಯಿಲ್ಲ ಅಂದುಕೊಂಡು ಅದರ ಹಿಂದೆ ಓಡಿದೆ. ವಿಷಯ ಇಷ್ಟೇ: ಪಿಕಪ್‌ನವರು ಹೇಳುವ 42 ಅಮೆರಿಕದ ಗೇಜ್, ಎಡಬ್ಲ್ಯುಜಿ. ನಮ್ಮ ಅಂಗಡಿಯಲ್ಲಿ ನಡೆಯುವುದು ಬ್ರಿಟಿಷ್ ಗೇಜ್, ಎಸ್‌ಡಬ್ಲ್ಯುಜಿ. ಅದರ 42 ಅಂದರೆ 0.1 ಮಿಲಿಮೀಟರ್ ದಪ್ಪ. ನಮಗೆ ಬೇಕಾದದ್ದು 0.063 ಮಿಲಿಮೀಟರ್. ಅಂಗಡಿಯಲ್ಲಿ 46 ನಂಬರ್ ಅಂತ ಕೇಳಬೇಕು. ಅದು 0.061, ಏನೂ ತೊಂದರೆ ಇಲ್ಲ. ಒಂದು ಜಾಝ್ ಪಿಕಪ್‌ಗೆ ನಲವತ್ತು ಗ್ರಾಂ ಸಾಕು. ಕಾಲು ಕೆ.ಜಿ. ರೀಲಿಗೆ ನಾನು 800ರ ಒಳಗೆ ಕೊಟ್ಟ ನೆನಪು.

ಆ ದಪ್ಪ ವೈರ್ ಹಾಳಾಗಲಿಲ್ಲ. ಗಣೇಶೋತ್ಸವದಲ್ಲಿ ಬ್ಯಾಂಜೋ ಪಾರ್ಟಿಯಲ್ಲಿ ಬಾರಿಸುವ ಹುಡುಗ ಒಬ್ಬ ನಮ್ಮ ಬಿಲ್ಡಿಂಗಿನಲ್ಲೇ ಇದ್ದಾನೆ. ಬ್ಯಾಂಜೋ ಅಂದರೆ ಮುಂಬಯಿಯ ಬ್ಯಾಂಜೋ, ಕೀಲಿ ಒತ್ತಿ ಬಾರಿಸುವ ಬುಲ್‌ಬುಲ್ ತರಂಗ್. ಅವನ ಪಿಕಪ್ ಹೋಗಿತ್ತು. ಆ ವೈರಿನಲ್ಲಿ ಒಂದು ಸುತ್ತಿ, ಕೆಳಗೆ ಫೆರೈಟ್ ಮ್ಯಾಗ್ನೆಟ್ ಅಂಟಿಸಿ ಕೊಟ್ಟೆ. ಮಿಕ್ಸರಿನ ಮೈಕ್ ಇನ್‌ಪುಟ್‌ಗೆ ಹಾಕಿದರೆ ಎಷ್ಟು ಚೆನ್ನಾಗಿ ಬಂತು ಅಂದರೆ, ಅವನ ಗೆಳೆಯರು ಇನ್ನಿಬ್ಬರು ಬಂದರು. ಮೂವರಿಂದಲೂ ತಲಾ 700 ತೆಗೆದುಕೊಂಡೆ. ಬೇಸ್‌ನ ಖರ್ಚಿನ ಒಂದು ಪಾಲು ಬ್ಯಾಂಜೋದಿಂದಲೇ ಬಂತು.

ಸುತ್ತುವ ಮಷೀನ್ ನಾನೇ ಮಾಡಿಕೊಂಡೆ. ಮೊದಲು ಡ್ರಿಲ್ ಇಟ್ಟು ನೋಡಿದೆ. ಅದು ಎಳೆಯುವ ರಭಸಕ್ಕೆ 46 ನಂಬರ್ ನಿಲ್ಲುವುದಿಲ್ಲ. ಒಮ್ಮೆ 700ಕ್ಕೆ, ಒಮ್ಮೆ 2,900ಕ್ಕೆ, ಒಮ್ಮೆ 4,100ಕ್ಕೆ ಕಡಿಯಿತು. ಆಮೇಲೆ ಹೊಲಿಗೆ ಮಷೀನಿಗೆ ಹಾಕುವ ಮೋಟಾರು, ಕಾಲಲ್ಲಿ ಒತ್ತುವ ಪೆಡಲ್ ಸಮೇತ 1,200ಕ್ಕೆ ತಂದೆ. ಕಾಲಲ್ಲೇ ವೇಗ ಹಿಡಿತಕ್ಕೆ ಸಿಗುತ್ತದೆ, ಎರಡೂ ಕೈ ವೈರ್‌ಗೆ ಬಿಡುವು. ಎಣಿಸಲು ಹಳೇ ಕ್ಯಾಲ್ಕ್ಯುಲೇಟರ್. ಸಮ ಚಿಹ್ನೆಯ ಬಟನ್‌ನ ಎರಡು ತುದಿಗೆ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಆನ್ ಆಗುವಂಥದ್ದು), ತಿರುಗುವ ಚಕ್ರಕ್ಕೆ ಒಂದು ಪುಟ್ಟ ಮ್ಯಾಗ್ನೆಟ್. ಒಂದು ಕೂಡಿಸು ಒಂದು ಅಂತ ಒತ್ತಿ ಶುರು ಮಾಡಿದರೆ ಚಕ್ರ ಸುತ್ತಿದಷ್ಟು ಸಲ ಎಣಿಸುತ್ತದೆ. ಜಾಸ್ತಿ ಜೋರಾಗಿ ಓಡಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಪಿಕಪ್‌ಗೆ ಮುಕ್ಕಾಲು ಗಂಟೆ ಅಂತ ಇಟ್ಟುಕೊಳ್ಳಿ. ವೈರ್ ಬೆರಳಲ್ಲಿ ಹಿಡಿಯಬೇಡಿ, ಬಟ್ಟೆಯ ನಡುವೆ ಹಿಡಿಯಿರಿ. ಯಾವ ಬಟ್ಟೆ, ಎಷ್ಟು ಮಡಿಕೆ ಅಂತ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ತಿಂಗಳು ಹಿಡಿದಿದೆ.

ಒಂದು ಪಿಕಪ್ ವಿಷಯ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಅದು ನಾಲ್ಕನೆಯದು. 8,600 ಸುತ್ತು, ಒಂದು ಸಲವೂ ಕಡಿಯದೆ ಮುಗಿಯಿತು. ತುದಿಗೆ ಸೋಲ್ಡರ್ ಹಾಕಿ ಮೀಟರ್ ಇಟ್ಟರೆ ಓಪನ್. ಒಳಗೆಲ್ಲೋ ಕಡಿದಿದೆ ಅಂದುಕೊಂಡೆ. ರಾತ್ರಿ ಹನ್ನೆರಡಾಗಿತ್ತು, ಸಿಟ್ಟಿನಲ್ಲಿ ಬ್ಲೇಡ್ ತೆಗೆದುಕೊಂಡು ಪೂರ್ತಿ ಕಾಯಿಲ್ ಕೊಯ್ದು ಹಾಕಿದೆ. ಮರುದಿನ ಲೋಕಲ್‌ನಲ್ಲಿ ನಿಂತಿದ್ದಾಗ ಹೊಳೆಯಿತು. ಮೊದಲು ಅಮೆರಿಕದ ವೈರಿನ ವೀಡಿಯೊ ನೋಡಿದ್ದೆ. ಅದರಲ್ಲಿದ್ದ ವೈರಿನ ಎನಾಮೆಲ್ ಲೇಪ ಸೋಲ್ಡರಿನ ಬಿಸಿಗೇ ಸುಟ್ಟು ಹೋಗುತ್ತದೆ. ನಾನು ತಂದದ್ದು ಹಾಗಲ್ಲ. ಜೀರೋ ನಂಬರ್ ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ತಿಕ್ಕಿ ತೆಗೆಯಬೇಕು. ಕಾಯಿಲ್ ಸರಿಯಾಗೇ ಇತ್ತು, ತುದಿಯ ಎನಾಮೆಲ್ ಹೋಗಿರಲಿಲ್ಲ, ಅಷ್ಟೇ. ನೀವು ಮಾತ್ರ ಬ್ಲೇಡ್ ಮುಟ್ಟುವ ಮೊದಲು ತುದಿಯನ್ನು ಇನ್ನೊಮ್ಮೆ ತಿಕ್ಕಿ ನೋಡಿ.

ಮೇಣದಲ್ಲೂ ಒಂದು ಪೆಟ್ಟು ತಿಂದೆ. ಕಾಯಿಲ್‌ಗೆ ಮೇಣ ಕುಡಿಸದಿದ್ದರೆ ಜೋರು ವಾಲ್ಯೂಮ್‌ನಲ್ಲಿ ಕೀಂ ಅಂತ ಕೂಗುತ್ತದೆ. ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ. ಜೇನುಮೇಣ ಅಮ್ಮ ಊರಿಂದ ತಂದಿದ್ದು, ಅಸಲಿ. ಮೊದಲ ಸಲ ನೇರ ಗ್ಯಾಸ್ ಮೇಲೆ ಇಟ್ಟೆ. ಬಿಸಿ ಏರಿ ಬ್ರಿಜ್ ಪಿಕಪ್ಪಿನ ಪ್ಲಾಸ್ಟಿಕ್ ಬಾಬಿನ್ ಹಪ್ಪಳದ ಹಾಗೆ ಸೊಟ್ಟಗಾಯಿತು. ಮೇಣಕ್ಕೆ ಬೆಂಕಿ ಹತ್ತುವ ಅಪಾಯ ಬೇರೆ. ಪಾತ್ರೆಯೊಳಗೆ ನೀರು, ನೀರಿನೊಳಗೆ ಡಬ್ಬ, ಕರೆಂಟ್ ಒಲೆ, ಥರ್ಮಾಮೀಟರ್. 65 ಡಿಗ್ರಿ ದಾಟಲು ಬಿಡಬೇಡಿ. ಗುಳ್ಳೆ ನಿಲ್ಲುವ ತನಕ ಇಡಿ, ಇಪ್ಪತ್ತು ನಿಮಿಷ ಆದೀತು.

ಸೊಟ್ಟಗಾದ ಬಾಬಿನ್ ಬದಲಿಗೆ ಕುಂದಾಪುರದ ಅಣ್ಣ ಕೊಟ್ಟ ಲೆದರಾಯ್ಡನ್ನೇ ಮೂರು ಪದರ ಅಂಟಿಸಿ, ಕತ್ತರಿಸಿ, ತೂತು ಹಾಕಿ, ಹಳೇ ಆಲ್ನಿಕೋ ಮ್ಯಾಗ್ನೆಟ್ ಸರಳುಗಳನ್ನು ಅದರಲ್ಲಿ ಕೂರಿಸಿದೆ. ಸರಳುಗಳ ಮೇಲೆ ಒಂದು ಸುತ್ತು ತೆಳು ಟೇಪ್. ಇಲ್ಲದಿದ್ದರೆ ವೈರ್ ನೇರ ಲೋಹಕ್ಕೆ ತಾಗಿ ಮತ್ತೆ ಅದೇ ಕಿಲುಬು. ನಿಜ ಹೇಳಬೇಕೆಂದರೆ ಅಂಗಡಿಯ ಪ್ಲಾಸ್ಟಿಕ್ ಬಾಬಿನ್‌ಗಿಂತ ಇದೇ ಗಟ್ಟಿ.

ಇನ್ನು ಗುಂಯ್ ಸದ್ದಿನ ವಿಷಯ. ಪೆಂಡಾಲಿನಲ್ಲಿ ಬಾರಿಸುವವರಿಗೆ ಇದು ಗೊತ್ತು. ಟ್ಯೂಬ್‌ಲೈಟ್, ಡಿಮ್ಮರ್, ಜನರೇಟರ್, ಎಲ್ಲ ಸೇರಿ ಸಿಂಗಲ್ ಕಾಯಿಲ್ ಬೇಸ್ ಜೇನುಗೂಡಾಗುತ್ತದೆ. ಅದಕ್ಕೆ ಬ್ರಿಜ್‌ನದನ್ನು ನೆಕ್‌ಗೆ ಉಲ್ಟಾ ದಿಕ್ಕಿನಲ್ಲಿ ಸುತ್ತಿದೆ. ಎರಡೂ ವಾಲ್ಯೂಮ್ ಪೂರ್ತಿ ಎತ್ತಿದರೆ ಗುಂಯ್ ಮಾಯ. ಆದರೆ ದನಿಯೂ ಮಾಯ! ಬರೀ ಮೂಗಿನ ಸದ್ದು. ಸುತ್ತಿನ ದಿಕ್ಕು ತಿರುಗಿಸಿದ ಮೇಲೆ ಮ್ಯಾಗ್ನೆಟ್ಟೂ ತಿರುಗಬೇಕು. ನಾನು ಸರಳು ಕೂರಿಸುವಾಗ ಮರೆತಿದ್ದೆ. ವೈರ್ ಅದಲುಬದಲು ಮಾಡಿದರೆ ದನಿ ಬರುತ್ತದೆ, ಗುಂಯ್ ಕೂಡ ವಾಪಸ್ ಬರುತ್ತದೆ. ಈಗ ಸರಳು ತಳ್ಳಿದರೆ ಕಾಯಿಲ್ ಕಡಿಯುತ್ತದೆ. ಹಾಗಾಗಿ ದೊಡ್ಡ ನಿಯೋಡಿಮಿಯಂ ಮ್ಯಾಗ್ನೆಟ್ ಎರಡು ತಂದು ವೈಸ್‌ನ ಎರಡು ದವಡೆಗೆ ಕೂರಿಸಿದೆ. 600 ರೂಪಾಯಿ ಆಯಿತು. ನಡುವೆ ಪಿಕಪ್ಪನ್ನು ಉಲ್ಟಾ ಹಿಡಿದು ನಾಲ್ಕೈದು ಸಲ ಎಳೆದೆ. ಆಲ್ನಿಕೋ ಸುಲಭಕ್ಕೆ ಮಾತು ಕೇಳುತ್ತದೆ. ದಿಕ್ಸೂಚಿ ಇಟ್ಟು ನೋಡಿದರೆ ಉತ್ತರ ದಕ್ಷಿಣ ಆಗಿತ್ತು. ನೆಕ್‌ನ ಸರಳುಗಳನ್ನೂ ಹೀಗೇ, ಇದ್ದ ದಿಕ್ಕಿನಲ್ಲೇ ಚಾರ್ಜ್ ಮಾಡಿದೆ. ದನಿ ಎದ್ದು ನಿಂತಿತು. ಬೆರಳು ಸುಮ್ನೆ ನಡುವೆ ಇಡಬೇಡಿ, ಜಜ್ಜಿ ಹೋಗುತ್ತದೆ.

ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಹಳೇ ರೇಡಿಯೋ ಕೆಪ್ಯಾಸಿಟರ್ ಆರೇಳು ತಂದು ಟೋನ್‌ಗೆ ಹಾಕಿ ನೋಡಿದೆ. 0.047 ಮೈಕ್ರೋಫ್ಯಾರಡ್‌ನ ಐದು ರೂಪಾಯಿಯ ಪಾಲಿಯೆಸ್ಟರಿಗೂ ಅವಕ್ಕೂ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ಐದು ರೂಪಾಯಿಯದೇ ಒಳಗಿದೆ. ನಾಬ್ ಕೆಳಗಿನ ಪಾಟ್ (ತಿರುಗಿಸುವ ರೆಸಿಸ್ಟರ್) ಮಾತ್ರ 250 ಕೆ ಲಾಗ್ ಹಾಕಿ, ಅದರಲ್ಲಿ ಉಳಿತಾಯ ಬೇಡ. ಅಂಗಡಿಯಲ್ಲಿ ಕೈಗೆ ಸಿಗುವ ಲೀನಿಯರ್ ಹಾಕಿದರೆ ಟೋನ್ ನಾಬ್ ಕೊನೆಯಲ್ಲಿ ಒಮ್ಮೆಲೇ ಬೀಳುತ್ತದೆ.

ಬ್ರಿಜ್ ಈಗ 7.8 ಕೆ. ನೆಕ್ 7ರ ಮೇಲೆ ಚೂರು. ನೆಕ್‌ಗೆ ಎಷ್ಟು ಸುತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ಆ ದುಂಡು ದನಿ ಅಲ್ಲಿಂದಲೇ ಬರುತ್ತಿರುವುದು. ಹಾಳಾದ ವೈರ್, ಚೀನಾ ಸೆಟ್, ಮೋಟಾರ್, ಮ್ಯಾಗ್ನೆಟ್, ಮೇಣ ಎಲ್ಲ ಸೇರಿ ಐದೂವರೆ ಆರು ಸಾವಿರ. ಬ್ಯಾಂಜೋದ 2,100 ಕಳೆದರೆ ನಾಲ್ಕರ ಒಳಗೆ. ಮೋಟಾರ್, ಮ್ಯಾಗ್ನೆಟ್ ನನ್ನ ಹತ್ತಿರವೇ ಇವೆ.

ಬಾಂದ್ರಾದ ಆ ರಿಪೇರಿಯವರ ಹತ್ತಿರ ಹೋದ ತಿಂಗಳು ಬೇಸ್ ಒಯ್ದಿದ್ದೆ. ಅವರು ಹದಿನೈದು ನಿಮಿಷ ಬಾರಿಸಿದರು. ಆಮೇಲೆ ಪಿಕಪ್ ಕವರ್ ಬಿಚ್ಚಿ ಲೆದರಾಯ್ಡ್ ಮೇಲೆ ಬೆರಳಾಡಿಸಿ, ಇದು ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಕೇಳಿದರು. ಹೇಳಿದೆ. ಕೀಬೋರ್ಡಿನವರು ಬರುವ ಭಾನುವಾರ ತಮ್ಮ ಭಾವನ ಹಳೇ ಗಿಟಾರ್ ತರುತ್ತಾರಂತೆ, ನಡುವಿನ ಪಿಕಪ್ ಓಪನ್. ಮಜೂರಿ 1,500 ಹೇಳಿದ್ದೇನೆ, ವೈರ್ ನನ್ನದೇ.