763 ಹುಡುಗರು, 14 ಅಂಕಿಗಳು: ಸೋಂಕಿನ ಮಾದರಿ ಕಟ್ಟಿ, ಅದನ್ನು ಸಿಕ್ಕಿಹಾಕಿಸುವ ಬಗೆ

ಗಣಿತದ ಮಾದರಿ ಕಟ್ಟುವ ಕೈಚಳಕ ಕಲಿಯಲು ದೊಡ್ಡ ಕಂಪ್ಯೂಟರ್ ಬೇಡ. ಒಂದು ಸ್ಪ್ರೆಡ್‌ಶೀಟ್ ಇದ್ದರೆ ಸಾಕು, ಜೊತೆಗೆ ಈ ಸಾಲು: 3, 8, 26, 76, 225, 298, 258, 233, 189, 128, 68, 29, 14, 4. 1978ರ ಜನವರಿ 22ರಿಂದ ಇಂಗ್ಲೆಂಡಿನ ಒಂದು ವಸತಿ ಶಾಲೆಯಲ್ಲಿ ಫ್ಲೂ ಬಂದು ದಿನಕ್ಕೆ ಎಷ್ಟು ಹುಡುಗರು ಹಾಸಿಗೆಯಲ್ಲಿದ್ದರು ಎಂಬ ಲೆಕ್ಕ ಇದು. ಶಾಲೆಯಲ್ಲಿದ್ದ ಹುಡುಗರು 763. ಒಟ್ಟಾರೆ ಹಾಸಿಗೆ ಹಿಡಿದವರು 512. ಅಂಕಿಗಳನ್ನು ಗ್ರಾಫಿನಿಂದ ಓದಿ ತೆಗೆದಿರುವುದರಿಂದ ಬೇರೆ ಬೇರೆ ಪಟ್ಟಿಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಕಾಣುತ್ತದೆ; ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

512 ಅನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ. ಮಾದರಿಯನ್ನು ಹೊಂದಿಸುವಾಗ ಅದನ್ನು ಮುಟ್ಟಬೇಡಿ. ಕೊನೆಗೆ ಸಾಕ್ಷಿ ಹೇಳಲು ಅದು ಬೇಕು.

ಮೊದಲು ಪೆಟ್ಟಿಗೆಗಳು. ಎಸ್ ಎಂದರೆ ಇನ್ನೂ ಸೋಂಕು ತಗುಲದವರು, ಐ ಎಂದರೆ ಸೋಂಕು ಹರಡುತ್ತಿರುವವರು, ಆರ್ ಎಂದರೆ ಚೇತರಿಸಿಕೊಂಡವರು. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಬರೆದ ಪ್ರಬಂಧದ ಸರಳ ರೂಪ ಇದು. (ಅವರು ತಮ್ಮ ಸೂತ್ರವನ್ನು ಹೋಲಿಸಿ ನೋಡಿದ್ದು 1905–06ರ ಮುಂಬೈ ಪ್ಲೇಗ್ ಸಾವುಗಳ ಜೊತೆ.) ದಿನವೊಂದಕ್ಕೆ ಹೊಸ ಸೋಂಕು = ಬೀಟಾ × ಎಸ್ × ಐ ÷ 763 (ಬೀಟಾ ಎಂದರೆ ಸೋಂಕು ಹರಡುವ ದರ). ದಿನವೊಂದಕ್ಕೆ ಚೇತರಿಕೆ = ಗಾಮಾ × ಐ (ಗಾಮಾ ಎಂದರೆ ಚೇತರಿಸಿಕೊಳ್ಳುವ ದರ). ಮೊದಲನೆಯದು ಎಸ್‌ನಿಂದ ಕಳೆದು ಐಗೆ ಸೇರುತ್ತದೆ, ಎರಡನೆಯದು ಐನಿಂದ ಕಳೆದು ಆರ್‌ಗೆ ಸೇರುತ್ತದೆ. ಬರೆದ ಕೂಡಲೇ ಏಕಮಾನ ನೋಡಿ: ಎರಡೂ ಕಡೆ "ಜನ ಪ್ರತಿ ದಿನ" ಬರಬೇಕು. 763ರಿಂದ ಭಾಗಿಸುವುದನ್ನು ಮರೆತರೆ ಬೀಟಾದ ಏಕಮಾನವೇ ಬದಲಾಗುತ್ತದೆ. ಪುಸ್ತಕದ ಬೆಲೆ ತಂದು ಹಾಕಿದರೆ ಮೊದಲ ದಿನವೇ ಇಡೀ ಶಾಲೆ ಮಲಗುತ್ತದೆ.

ಇನ್ನು ಸ್ಪ್ರೆಡ್‌ಶೀಟ್. ಸಮಯ, ಎಸ್, ಐ, ಆರ್ ಎಂದು ನಾಲ್ಕು ಕಂಬಸಾಲು. ಮೊದಲ ಎಣಿಕೆಯ ಹಿಂದಿನ ದಿನ ಎಸ್ 762, ಐ 1 ಎಂದು ಇಡಿ. ಬೀಟಾ 1.66, ಗಾಮಾ 0.44 ಹಾಕಿ, ಈ ಶಾಲೆಗೆ ವಾಡಿಕೆಯಲ್ಲಿರುವ ಬೆಲೆಗಳು ಇವೇ. ಒಂದು ಸಾಲಿನಿಂದ ಮುಂದಿನ ಸಾಲಿಗೆ ದಾಟುವ ಸಮಯವೇ ಹೆಜ್ಜೆ; ಮೇಲಿನ ದರಗಳನ್ನು ಅದರಿಂದ ಗುಣಿಸಿ ಹಿಂದಿನ ಸಾಲಿಗೆ ಕೂಡಿ ಕಳೆಯಿರಿ. ಈ ಹೆಜ್ಜೆಯ ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಆರಂಭದಲ್ಲಿ ಐ ದಿನಕ್ಕೆ 1.22ರ (1.66 − 0.44) ದರದಲ್ಲಿ ಘಾತೀಯವಾಗಿ ಏರುತ್ತದೆ. ಎಸ್ ಇಳಿಯುವುದನ್ನು ಸದ್ಯಕ್ಕೆ ಬಿಟ್ಟರೆ, ನಾಲ್ಕು ದಿನಕ್ಕೆ ನಿಜವಾದ ಉತ್ತರ ಸುಮಾರು 132. ಒಂದು ದಿನದ ಹೆಜ್ಜೆ ಇಟ್ಟರೆ ಸಿಗುವುದು 24. 0.1 ದಿನಕ್ಕೆ 100, 0.01 ದಿನಕ್ಕೆ 128. ದೋಷ ಸಮೀಕರಣದಲ್ಲಿಲ್ಲ, ಅಂಕಗಣಿತದಲ್ಲಿದೆ. ಆದರೆ ಗ್ರಾಫ್ ನೋಡಿದವರು ಬೀಟಾವನ್ನು ತಿರುಚಿ ಅದನ್ನು ಮುಚ್ಚಿಬಿಡುತ್ತಾರೆ. 0.01 ಇಟ್ಟು ಸಾವಿರದೈನೂರು ಸಾಲು ಎಳೆಯಿರಿ. ಆಮೇಲೆ ಹೆಜ್ಜೆಯನ್ನು ಅರ್ಧ ಮಾಡಿ. ಉತ್ತರ ಗಮನಾರ್ಹವಾಗಿ ಕದಲಿದರೆ ಹೆಜ್ಜೆ ಇನ್ನೂ ದೊಡ್ಡದೇ. ಪ್ರತಿ ಸಾಲಿನಲ್ಲೂ ಎಸ್ + ಐ + ಆರ್ = 763 ಬರುತ್ತಿದೆಯೇ ಎಂದು ಐದನೇ ಕಂಬಸಾಲಿನಲ್ಲಿ ನೋಡಿಕೊಳ್ಳಿ.

ಹಾಸಿಗೆಯ ಅಂಕಿಗಳನ್ನು ಐ ಜೊತೆ ಹೋಲಿಸಿ, ಹೊಸ ಸೋಂಕಿನ ಜೊತೆಗಲ್ಲ. 298 ಎಂದರೆ ಆ ದಿನ ಮಲಗಿದ್ದವರು, ಆ ದಿನ ಕಾಯಿಲೆ ಬಿದ್ದವರಲ್ಲ. ಸಂಚಿತ ಮೊತ್ತಕ್ಕೆ ರೇಖೆ ಹೊಂದಿಸುವ ಚಪಲವೂ ಬೇಡ: ಅಲ್ಲಿ ಮೊನ್ನೆಯ ತಪ್ಪು ಇವತ್ತಿನ ಅಂಕಿಯಲ್ಲೂ ಕೂತಿರುತ್ತದೆ, ರೇಖೆ ನಯವಾಗಿ ಕಾಣುತ್ತದೆ, ದೋಷದ ಅಂದಾಜು ಸುಳ್ಳಾಗಿ ಕಿರಿದಾಗುತ್ತದೆ.

ಈಗ ಗ್ರಾಫ್ ನೋಡಿ. ಮಾದರಿಯ ಶಿಖರ 292ರ ಸುಮಾರಿಗೆ, ದತ್ತಾಂಶದ ಶಿಖರ 298. ಕಣ್ಣಿಗೆ ಹಬ್ಬ. ಬಹಳಷ್ಟು ಪಾಠಗಳು ಇಲ್ಲಿಗೇ ಮುಗಿದುಬಿಡುತ್ತವೆ, ಅಸಲಿ ಕೆಲಸ ಇಲ್ಲಿಂದ ಶುರು.

ಮೂಲೆಯ 512 ಅನ್ನು ಕರೆಯಿರಿ. ಮಾದರಿಯಲ್ಲಿ ಕೊನೆಗೆ ಎಸ್‌ನಲ್ಲಿ ಉಳಿಯುವವರು ಬರೀ 19 ಜನ. ಅಂದರೆ 744 ಹುಡುಗರಿಗೆ ಸೋಂಕು. ಶಾಲೆ ಹೇಳುವುದು 512. ಗ್ರಾಫ್ ಇಷ್ಟು ಚೆನ್ನಾಗಿ ಕೂತಿರುವಾಗ 232 ಹುಡುಗರು ಎಲ್ಲಿಂದ ಬಂದರು? ಹದಿನಾಲ್ಕೂ ಅಂಕಿಗಳನ್ನು ಕೂಡಿ: 1559 ಹಾಸಿಗೆ-ದಿನಗಳು. 512ರಿಂದ ಭಾಗಿಸಿದರೆ ತಲೆಗೆ 3.04 ದಿನ. ಮಾದರಿಯಲ್ಲಿ ತಲೆಗೆ 1 ÷ 0.44, ಅಂದರೆ 2.27 ದಿನ. ಗುಟ್ಟು ಇಷ್ಟೇ: ಮಾದರಿ ಹೆಚ್ಚು ಹುಡುಗರನ್ನು ಕಡಿಮೆ ದಿನ ಮಲಗಿಸಿ ಲೆಕ್ಕ ಸರಿದೂಗಿಸಿದೆ. ಒಂದು ತಪ್ಪು ಇನ್ನೊಂದು ತಪ್ಪಿನ ಭುಜಕ್ಕೆ ಭುಜ ಕೊಟ್ಟು ನಿಂತಿದೆ.

ಗಾಮಾವನ್ನು 1 ÷ 3.04, ಅಂದರೆ 0.33 ಮಾಡಿದರೆ ಸರಿಹೋದೀತೆ? ದತ್ತಾಂಶದ ಮೊದಲ ಐದು ಅಂಕಿಗಳ ಸ್ವಾಭಾವಿಕ ಲಾಗ್ ತೆಗೆದು ಇಳಿಜಾರು ನೋಡಿ: 3ರಿಂದ 225ಕ್ಕೆ ನಾಲ್ಕು ದಿನ, ದಿನಕ್ಕೆ 1.08. ಈ ಏರಿಕೆ ತಿಳಿಸುವುದು ಬೀಟಾ ಕಳೆ ಗಾಮಾ ಎಷ್ಟೆಂಬುದನ್ನು ಮಾತ್ರ, ಎರಡನ್ನೂ ಬಿಡಿಬಿಡಿಯಾಗಿ ಅಲ್ಲ. ಗಾಮಾ 0.33 ಆದರೆ ಬೀಟಾ 1.41. ಬೀಟಾ ÷ ಗಾಮಾ, ಈ ಅನುಪಾತವೇ ಆರ್-ನಾಟ್ (ಆರಂಭದಲ್ಲಿ ಒಬ್ಬ ಸೋಂಕಿತ ಸರಾಸರಿ ಎಷ್ಟು ಜನಕ್ಕೆ ಹರಡುತ್ತಾನೆ ಎಂಬ ಲೆಕ್ಕ; ಆರ್ ಪೆಟ್ಟಿಗೆಯಲ್ಲ), ಇಲ್ಲಿ 4.3. ಆಗ ಶಿಖರ 325ಕ್ಕೆ ಹಾರುತ್ತದೆ, ಒಟ್ಟು ಸೋಂಕು 752 ಆಗುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ.

ಹಾಗಾದರೆ ಜನರ ಎಣಿಕೆಯೇ ತಪ್ಪಿರಬಹುದು. ಕೆಲವು ಹುಡುಗರಿಗೆ ಮೊದಲೇ ರೋಗನಿರೋಧಕ ಶಕ್ತಿ ಇತ್ತು ಎಂದುಕೊಂಡು 763ರ ಬದಲು 512 ಇಡಿ. ಶಿಖರದ ಸೂತ್ರ ಇದು: ಒಟ್ಟು ಜನ × (1 − (1 + ಆರ್-ನಾಟ್‌ನ ಸ್ವಾಭಾವಿಕ ಲಾಗ್) ÷ ಆರ್-ನಾಟ್). 298 ಬರಬೇಕಾದರೆ ಆರ್-ನಾಟ್ ಸುಮಾರು 7 ಆಗಬೇಕು. ಗಾಮಾ 0.33 ಇಟ್ಟುಕೊಂಡರೆ ಆರಂಭದ ಏರಿಕೆ ದಿನಕ್ಕೆ ಸುಮಾರು 2. ಎಂಟು ಗಂಟೆ ಚಿಲ್ಲರೆಗೆ ಸೋಂಕು ದುಪ್ಪಟ್ಟು. ಅಸಲಿ ದತ್ತಾಂಶದಲ್ಲಿ ದುಪ್ಪಟ್ಟಾಗಲು ಹದಿನೈದು ಗಂಟೆ ಹಿಡಿದಿದೆ. ಶಿಖರ, ಒಟ್ಟು ಸಂಖ್ಯೆ, ಹಾಸಿಗೆ-ದಿನ ಮೂರೂ ಒಪ್ಪಿದವು, ವೇಗ ಒಪ್ಪಲಿಲ್ಲ. ಮಾದರಿ ನಿಜಕ್ಕಿಂತ ಚುರುಕಾಗಿದೆ ಎಂದರೆ ನಡುವೆ ಕಾಯುವ ಜಾಗವೊಂದು ಕಾಣೆಯಾಗಿದೆ.

ಆ ಜಾಗ ಕೊಡಿ. ಸೋಂಕು ತಗುಲಿಯೂ ಇನ್ನೂ ಹರಡದವರಿಗೆ ಇ ಎಂಬ ಪೆಟ್ಟಿಗೆ. ಹಾಸಿಗೆಯನ್ನೂ ಬೇರೆ ಪೆಟ್ಟಿಗೆಯನ್ನಾಗಿ ಮಾಡಿ. ಮಲಗಿದ ಹುಡುಗ ಉಳಿದವರಿಂದ ದೂರವಾದ, ಅವನು ಹರಡಿದ್ದು ಬಹುಪಾಲು ಅದಕ್ಕೆ ಮುಂಚೆ. ಹಾಸಿಗೆಯವರನ್ನೇ ಐ ಎಂದು ಓದಿದ್ದೇ ನಾವು ಮಾಡಿದ ಮೊದಲ ಜಾರುವಿಕೆ. ಇನ್ನೊಂದು: ಒಂದೇ ಪೆಟ್ಟಿಗೆ, ಒಂದೇ ಗಾಮಾ ಇದ್ದರೆ ಚೇತರಿಕೆ ಘಾತೀಯ. 0.44ಕ್ಕೆ ಲೆಕ್ಕ ಹಾಕಿದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹುಡುಗರು ಒಂದೇ ದಿನದಲ್ಲಿ ಎದ್ದು ತರಗತಿಗೆ ಹೋಗುತ್ತಾರೆ. ಫ್ಲೂ ಬಂದವರು ಹಾಗೆ ಏಳುವುದಿಲ್ಲ. ಹಾಸಿಗೆಯನ್ನು ಎರಡು ಭಾಗ ಮಾಡಿ, ಪ್ರತಿ ಭಾಗದಿಂದ ಹೊರಹೋಗುವ ದರವನ್ನು ದುಪ್ಪಟ್ಟು ಮಾಡಿ. ಸರಾಸರಿ ಬದಲಾಗದೆ ಬೇಗ ಏಳುವವರ ಸಂಖ್ಯೆ ತಗ್ಗುತ್ತದೆ.

ಪೆಟ್ಟಿಗೆ ಸೇರಿಸಿದಂತೆಲ್ಲ ತಿರುಗಿಸುವ ಗುಂಡಿಗಳೂ ಹೆಚ್ಚುತ್ತವೆ, ನಮ್ಮ ಹತ್ತಿರ ಇರುವುದು 14 ಅಂಕಿಗಳು. ಆದ್ದರಿಂದ ಹೊಸ ಗುಂಡಿಗಳನ್ನು ಕಂಪ್ಯೂಟರಿಗೆ ಒಪ್ಪಿಸಬೇಡಿ. ಹಾಸಿಗೆಯ ಅವಧಿ 3.04 ದಿನಕ್ಕೆ ಕಟ್ಟಿಹಾಕಿ, ಅದು ಅಳೆದದ್ದು. ಉಳಿದವನ್ನು ಹೊಂದಿಸಿದ ಮೇಲೆ ಏರಿಕೆ 1.08, ಶಿಖರ 298, ಒಟ್ಟು 512 ಮೂರನ್ನೂ ಒಟ್ಟಿಗೆ ಪರೀಕ್ಷಿಸಿ. ಫ್ಲೂ ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 1ರಿಂದ 4 ದಿನ ಹಿಡಿಯುತ್ತದೆ. ಹಾಸಿಗೆಗೆ ಮುಂಚಿನ ಪೆಟ್ಟಿಗೆಗಳಲ್ಲಿ ನಿಮ್ಮ ಮಾದರಿ ಹುಡುಗರನ್ನು ಒಂದು ವಾರ ಕೂರಿಸುತ್ತಿದ್ದರೆ, ರೇಖೆ ಎಷ್ಟೇ ಚಂದ ಇರಲಿ, ಆ ಹಾಳೆ ಅಳಿಸಿ ಪೆಟ್ಟಿಗೆಗಳಿಗೆ ವಾಪಸ್ ಬನ್ನಿ.