ಸಕ್ಕರೆ ಕಡಿಮೆ ಮಾಡಬೇಕಾ? ಲೋಟದಿಂದ ಶುರು ಮಾಡಿ

ಸಿಹಿತಿಂಡಿ ಬಿಡುವ ಮೊದಲು ನೀವು ಏನು ಕುಡಿಯುತ್ತೀರಿ ಅಂತ ನೋಡಿ. 330 ಮಿಲಿಯ ಒಂದು ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಹತ್ತಿರ ಹತ್ತಿರ 9 ಟೀ ಚಮಚ. ಅಷ್ಟನ್ನು ಕಣ್ಣೆದುರೇ ಲೋಟಕ್ಕೆ ಸುರಿದು ಕೊಟ್ಟರೆ ಯಾರೂ ಮುಟ್ಟುವುದಿಲ್ಲ, ಅಲ್ವಾ? ಅದರ ಬದಲು ತಣ್ಣಗಿನ ಸಾದಾ ಸೋಡಾಗೆ ನಿಂಬೆಹಣ್ಣು ಹಿಂಡಿ, ನಾಲ್ಕು ಪುದೀನ ಎಲೆ ಜಜ್ಜಿ ಹಾಕಿ. ಗುಳ್ಳೆಯ ಚುರುಕು ಹಾಗೇ ಇರುತ್ತದೆ, ಸಕ್ಕರೆ ಮಾತ್ರ ಇರುವುದಿಲ್ಲ.

ಟೀ, ಕಾಫಿಗೆ ಒಮ್ಮೆಲೇ ಸಕ್ಕರೆ ನಿಲ್ಲಿಸಬೇಡಿ. ನಾನು ಹಾಗೆ ಮಾಡಿ ಮೂರನೇ ದಿನಕ್ಕೇ ಸೋತೆ. ಆಮೇಲೆ ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತಾ ಬಂದೆ, ನಾಲಿಗೆಗೆ ಗೊತ್ತೇ ಆಗಲಿಲ್ಲ. ಜೇನುತುಪ್ಪ ಹಾಕಿದರೆ ಆಯಿತು ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ, ಅದೂ ಸಕ್ಕರೆಯೇ.

ಜ್ಯೂಸ್ ಬದಲು ಇಡೀ ಹಣ್ಣು ತಿನ್ನಿ. ಒಂದು ಲೋಟ ಜ್ಯೂಸ್‌ಗೆ ಮೂರು ಕಿತ್ತಳೆಯಾದರೂ ಬೇಕು, ತಿನ್ನಲು ಕೂತರೆ ಒಂದಕ್ಕೇ ಸಾಕೆನಿಸುತ್ತದೆ, ನಾರೂ ಹೊಟ್ಟೆಗೆ ಸೇರುತ್ತದೆ. ಫ್ಲೇವರ್ ಇರುವ ಮೊಸರಿನ ಡಬ್ಬಿ ಬೇಡ; ಸಾದಾ ಮೊಸರಿಗೆ ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ, ಮೇಲೆ ಚಿಟಿಕೆ ದಾಲ್ಚಿನ್ನಿ ಪುಡಿ ಉದುರಿಸಿ. ಲೇಬಲ್‌ನಲ್ಲಿ ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟೋಸ್ ಅಂತ ಕಂಡರೆ ಅವೂ ವೇಷ ಬದಲಿಸಿದ ಸಕ್ಕರೆಯೇ.